‘ಗುಜ್ಜರ ಮದುವೆ’ಯ ಹಿಂದಿನ ಲೆಕ್ಕ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ‘ಗುಜ್ಜರ ಮದುವೆ’ ಎಂದರೆ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಗುಜರಾತ್, ರಾಜಸ್ಥಾನಗಳ ಕಡೆಯಿಂದ ವರನು ಬರುತ್ತಾನೆ; ವರದಕ್ಷಿಣೆ ಕೇಳುವುದಿಲ್ಲ; ಮದುವೆಯ ಖರ್ಚನ್ನೂ ತಾನೇ ಹೊರುತ್ತಾನೆ. ಹೆಣ್ಣಿನ ಮನೆಯವರ ಕೈಗೂ ಒಂದಿಷ್ಟು ಹಣ, ನಡುವೆ ನಿಂತ ದಲ್ಲಾಳಿಗೂ ಅವನ ಪಾಲು. ಮಳೆ ಕೈಕೊಟ್ಟ ವರ್ಷ ಮೂರು ನಾಲ್ಕು ಹೆಣ್ಣುಮಕ್ಕಳಿರುವ ಕೂಲಿಕಾರನಿಗೆ ಇಂಥ ಸಂಬಂಧವು ದೇವರೇ ಕಳುಹಿಸಿದಂತೆ ತೋರಿದರೆ ಅವನನ್ನು ಮಾತ್ರ ದೂಷಿಸಿ ಫಲವಿಲ್ಲ.

ಅಷ್ಟು ದೂರದ ಗಂಡು ಇಲ್ಲಿಗೇಕೆ ಬರಬೇಕು? ಉತ್ತರವು ಜನಗಣತಿಯಲ್ಲಿದೆ. 2001ರಲ್ಲಿ ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು ಪಂಜಾಬಿನಲ್ಲಿ 798, ಹರಿಯಾಣದಲ್ಲಿ 819, ಗುಜರಾತಿನಲ್ಲಿ 883, ಕರ್ನಾಟಕದಲ್ಲಿ 946. ಅಂದಿನ ಆ ಬಾಲಕರೇ ಇಂದಿನ ವರರು. ಭ್ರೂಣದ ಲಿಂಗಪತ್ತೆಯನ್ನು ನಿಷೇಧಿಸುವ ಕಾಯಿದೆ 1994ರಲ್ಲಿಯೇ ಬಂದಿದ್ದರೂ ಸ್ಕ್ಯಾನಿಂಗ್ ಯಂತ್ರದ ಮುಂದೆ ಅದು ಬಹುಕಾಲ ಕಾಗದವಾಗಿಯೇ ಉಳಿಯಿತು.

ಚೀನಾದ ಕಥೆಯೂ ಇದೇ, ಪ್ರಮಾಣ ಮಾತ್ರ ದೊಡ್ಡದು. ಒಂದೇ ಮಗುವೆಂಬ ನೀತಿ 2015ರವರೆಗೆ ಜಾರಿಯಲ್ಲಿದ್ದ ಆ ದೇಶದಲ್ಲಿ, ಇರುವ ಒಂದು ಮಗು ಗಂಡೇ ಆಗಲೆಂಬ ಹಟ ಬೆಳೆಯಿತು. 2020ರ ಗಣತಿಯಲ್ಲಿ ಹೆಂಗಸರಿಗಿಂತ ಗಂಡಸರು ಸುಮಾರು 3 ಕೋಟಿ 49 ಲಕ್ಷ ಹೆಚ್ಚು! ಮ್ಯಾನ್ಮಾರ್, ವಿಯೆಟ್ನಾಂಗಳ ಬಡ ಹಳ್ಳಿಗಳ ಹೆಣ್ಣುಮಕ್ಕಳನ್ನು ಅಲ್ಲಿಗೆ ವಧುಗಳೆಂದು ಮಾರಿದ ಪ್ರಕರಣಗಳು ಬೆಳಕಿಗೆ ಬಂದಿವೆ. ಒಂದು ಕಡೆ ಹುಟ್ಟದಂತೆ ಮಾಡಿದ ಹೆಣ್ಣನ್ನು ಇನ್ನೊಂದು ಕಡೆಯ ಬಡವನ ಮನೆಯಿಂದ ತುಂಬಿಕೊಳ್ಳುವ ವ್ಯವಹಾರವಿದು.

ಇಂಥ ಮದುವೆಗಳೆಲ್ಲ ಮೋಸವೇ ಎನ್ನಲಾಗದು. ಸುಖವಾಗಿ ಬಾಳಿದವರೂ ಇದ್ದಾರು. ಆದರೆ ಭಾಷೆ ಬಾರದ, ಬಂಧುಗಳಿಲ್ಲದ ಊರಿನಲ್ಲಿ ಗಂಡ ಹೊಡೆದರೆ ಆಕೆ ಯಾರ ಬಾಗಿಲು ತಟ್ಟಬೇಕು? ಹೆತ್ತವರೇ ಒಪ್ಪಿ ಕಳುಹಿಸಿದ ಮೇಲೆ ಪೊಲೀಸರಿಗೆ ದೂರು ಕೊಡುವವರಾದರೂ ಯಾರು?

ನಮ್ಮ ಧರ್ಮಕೇಂದ್ರಗಳಲ್ಲಿ ವಿವಾಹಕ್ಕೆ ಮುನ್ನ ವಧೂವರರ ಹೆಸರನ್ನು ಪ್ರಕಟಿಸುವ ಕ್ರಮವಿದೆ. ವರನು ಹೊರಗಿನವನಾದರೆ ಅವನು ಅವಿವಾಹಿತನೆಂಬ ಪತ್ರ ಅವನ ಧರ್ಮಕೇಂದ್ರದಿಂದಲೇ ಬರಬೇಕು. ಬೇಸರದ ವಿಧಿಯೆಂದು ಕೆಲವರು ಗೊಣಗುವುದುಂಟು. ದಲ್ಲಾಳಿಯ ಮದುವೆಯಲ್ಲಿ ಇಲ್ಲದಿರುವುದು ಈ ವಿಚಾರಣೆಯೇ. ವರನ ಊರು, ಉದ್ಯೋಗ, ಹಿಂದಿನ ಮದುವೆ ಯಾವುದನ್ನೂ ಯಾರೂ ಕೇಳುವುದಿಲ್ಲ.

ನೆರೆಮನೆಯಲ್ಲಿ ಇಂಥ ಮಾತುಕತೆ ನಡೆದಿದ್ದರೆ ವಿವಾಹ ನೋಂದಣಿಗೆ ಒತ್ತಾಯಿಸಬಹುದು. ಹುಡುಗಿಗೆ 18 ತುಂಬದಿದ್ದರೆ, ಕರ್ನಾಟಕದ ತಿದ್ದುಪಡಿಯಂತೆ ಆ ಮದುವೆ ಮೊದಲಿನಿಂದಲೇ ಅಸಿಂಧು. ಮಕ್ಕಳ ಸಹಾಯವಾಣಿ 1098, ಮಹಿಳೆಯರದು 181.