50,000 ಮೈಲಿ ಓಡಿದ ಔಟ್‌ಬೋರ್ಡ್

ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ಕೊಳ್ಳುವವರಿಗೆ ವೇಗಕ್ಕಿಂತ ದೊಡ್ಡ ಚಿಂತೆ, ನಡುನೀರಿನಲ್ಲಿ ಅದು ಕೈಕೊಟ್ಟರೆ ಏನು ಗತಿ ಎನ್ನುವುದು. ಅಮೆರಿಕದ ಮರ್ಕ್ಯುರಿ ಕಂಪನಿಯ ಕಾರ್ಲ್ ಕೀಕ್‌ಹೇಫರ್ ಇದನ್ನು ಬೇಗ ಅರಿತರು. 1957ರಲ್ಲಿ ಫ್ಲಾರಿಡಾದ ಕೆರೆಯೊಂದನ್ನು ಗುಟ್ಟಾಗಿ ಹಿಡಿದು, 'ಲೇಕ್ ಎಕ್ಸ್' ಎಂದು ಕರೆದು, ಹಗಲು ರಾತ್ರಿ ದೋಣಿ ಓಡಿಸಿದರು: 50,000 ಮೈಲಿ! ಪೆಟ್ರೋಲ್‌ಗೂ ನಿಲ್ಲುವಂತಿಲ್ಲ; ಇನ್ನೊಂದು ದೋಣಿ ಪಕ್ಕದಲ್ಲೇ ಓಡುತ್ತ ತುಂಬಿಸಬೇಕು.

ತನ್ನದೇ ಕೆರೆ, ತನ್ನದೇ ಪರೀಕ್ಷೆ, ಬರೀ ಜಾಹೀರಾತು ಎಂದರೆ ತಪ್ಪೇನಿಲ್ಲ. ಆದರೆ ಫ್ರಾನ್ಸಿನ ಪ್ಯಾರಿಸ್‌ನ 6 ಗಂಟೆ, ರುವಾನ್‌ನ 24 ಗಂಟೆ ದೋಣಿ ರೇಸ್‌ಗಳಲ್ಲಿ ಆ ಸೌಕರ್ಯವೆಲ್ಲಿತ್ತು? ಅಲ್ಲಿ ಸೇನ್ ನದಿಯ ನೀರನ್ನೇ ಎಳೆದುಕೊಂಡು ಎಂಜಿನ್ ತಣ್ಣಗಾಗಬೇಕಿತ್ತು. ನೀರಿನ ಕಿಂಡಿಗೆ ಕಸ ಸಿಕ್ಕಿಕೊಂಡರೆ ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ. ಎದುರಾಳಿ ಕಂಪನಿ ಓಎಂಸಿಯ ಜಾನ್ಸನ್, ಎವಿನ್‌ರೂಡ್ ಎಂಜಿನ್‌ಗಳ ದೋಣಿಗಳು ಸುಮ್ಮನೆ ಕಾಯುತ್ತಾ ಕೂರುತ್ತಿರಲಿಲ್ಲ. ರೇಸಿನ ಎಂಜಿನ್ ಬೇರೆ, ಅಂಗಡಿಯದ್ದು ಬೇರೆ ಎನ್ನುವ ಆಕ್ಷೇಪವೂ ಉಂಟು. ಅಶ್ವಶಕ್ತಿಯ ಮಟ್ಟಿಗೆ ಒಪ್ಪೋಣ. ಆದರೆ ಬೇರಿಂಗ್, ಗೇರ್, ನೀರಿನ ಪಂಪು ಸವೆಯುವ ಬಗೆ ಎರಡರಲ್ಲೂ ಒಂದೇ. ಗಿರಾಕಿ ವರ್ಷಗಟ್ಟಲೆ ಮಾಡುವ ಪರೀಕ್ಷೆ ರೇಸಿನಲ್ಲಿ ಒಂದೇ ದಿನದಲ್ಲಿ ಮುಗಿಯುತ್ತದೆ. ಆ ಪರೀಕ್ಷೆಯನ್ನು ಗಿರಾಕಿಗೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಓಎಂಸಿಯೇ ಉದಾಹರಣೆ: 2000ದಲ್ಲಿ ಅದು ದಿವಾಳಿಯಾಗುವ ಮೊದಲು ಅದರ ಹೆಸರಿಗೆ ಪೆಟ್ಟು ಕೊಟ್ಟದ್ದು ಗಿರಾಕಿಗಳ ದೋಣಿಯಲ್ಲಿ ಕೆಟ್ಟು ನಿಂತ ಹೊಸ ಇಂಧನ-ಇಂಜೆಕ್ಷನ್ ಎಂಜಿನ್‌ಗಳು.