ನಾದದೆ ಮಾಡುವ ಬ್ರೆಡ್ಡು

ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆ ‘ಹಿಟ್ಟು’ ಎಂದರೆ ಬೇರೆ ವಿವರಣೆ ಬೇಡ; ಅದು ರಾಗಿಯ ಮುದ್ದೆಯೇ. ಕುದಿಯುವ ಎಸರಿಗೆ ರಾಗಿಹಿಟ್ಟನ್ನು ಸುರಿದು, ಪಾತ್ರೆ ಅಲುಗದಂತೆ ಅದುಮಿ ಹಿಡಿದು, ಗಂಟಾಗದಂತೆ ಕೋಲಿನಿಂದ ತಿರುವುವುದು ತೋಳಿನಲ್ಲಿ ಬಲವಿದ್ದವರ ಕೆಲಸ. ಅಂಥ ಸೀಮೆಯಲ್ಲಿ ನಿಂತು ಬ್ರೆಡ್ಡಿನ ಮಾತನಾಡುವುದು ಸ್ವಲ್ಪ ಸಂಕೋಚದ ಸಂಗತಿಯೇ ಸರಿ. ನಮ್ಮ ಹಿರಿಯರಿಗೆ ಬ್ರೆಡ್ಡೆಂದರೆ ಜ್ವರ ಬಂದವರ ಆಹಾರ. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವವರ ಕೈಯಲ್ಲಿ ಒಂದು ಪೌಂಡು ಬ್ರೆಡ್ಡಿನ ಪೊಟ್ಟಣ ಇರುತ್ತಿತ್ತು. ಗಟ್ಟಿಮುಟ್ಟಾಗಿದ್ದವರು ಅದನ್ನು ತಿಂದರೆ ಮನೆಯವರು ಹಣೆ ಮುಟ್ಟಿ ನೋಡುತ್ತಿದ್ದರು.

ಹಾಸನ ಸೀಮೆಯ ಎಚ್.ಎಸ್. ತಿರುಮಲಾಚಾರ್ ಅವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿಯನ್ನು ತೆರೆದರು. ಮುಂದೆ ಊರೂರಿನಲ್ಲಿ ಕಾಣಿಸಿಕೊಂಡ ಅಯ್ಯಂಗಾರ್ ಬೇಕರಿಗಳ ಪರಂಪರೆ ಅಲ್ಲಿಂದ ಮೊದಲಾಯಿತು. ಮೊಟ್ಟೆ ಬೆರೆಸದ ಆ ತಿನಿಸುಗಳಿಂದಾಗಿ ಮಡಿವಂತರ ಮನೆಯೊಳಕ್ಕೂ ಬ್ರೆಡ್ಡಿಗೆ ದಾರಿ ಸಿಕ್ಕಿತು. ಆದರೂ ಅದು ಅಂಗಡಿಯ ಪದಾರ್ಥವಾಗಿಯೇ ಉಳಿಯಿತು. ದೋಸೆಗೂ ಇಡ್ಲಿಗೂ ದಿನವೂ ಹಿಟ್ಟನ್ನು ಹುದುಗು ಬರಿಸುವ ನಮ್ಮ ಗೃಹಿಣಿಯರು ಬ್ರೆಡ್ಡಿಗೆ ಮಾತ್ರ ಕೈ ಹಾಕಲಿಲ್ಲ. ಅದಕ್ಕೆ ಒಲೆಯ ಕೊರತೆ ಒಂದು ಕಾರಣವಾದರೆ, ನಾದುವ ಶ್ರಮ ಇನ್ನೊಂದು.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ನಾಲಗೆಯ ಚಪಲದಿಂದಲ್ಲ. ಗುಂಡ್ಲುಪೇಟೆಯಲ್ಲಿರುವ ನನ್ನ ತಾಯಿಯವರಿಗೆ ಸಂಧಿವಾತ ಹಿಡಿದು ಬೆರಳುಗಳು ಸೊಟ್ಟಗಾದವು. ಮೊದಲು ಹಿಟ್ಟಿನ ಕೋಲು ಕೈಬಿಟ್ಟಿತು, ಆಮೇಲೆ ಚಪಾತಿಯ ಕಣಕ. ನೋವಿಗಿಂತ ಹೆಚ್ಚಾಗಿ, ಅಡಿಗೆಮನೆಯಲ್ಲಿ ಸುಮ್ಮನೆ ಕುಳಿತಿರಬೇಕಾದ ಸ್ಥಿತಿ ಅವರನ್ನು ಬಾಧಿಸುತ್ತಿತ್ತು. ಆಗ ನನ್ನ ಕಣ್ಣಿಗೆ ಬಿದ್ದದ್ದು ನಾದುವುದೇ ಬೇಡವೆನ್ನುವ ಈ ವಿಧಾನ.

ನ್ಯೂಯಾರ್ಕ್ ನಗರದಲ್ಲಿ ಸಲಿವನ್ ಸ್ಟ್ರೀಟ್ ಬೇಕರಿಯನ್ನು ನಡೆಸುವ ಜಿಮ್ ಲೇಹೀ ಎಂಬವರ ಕ್ರಮವಿದು. ಮಾರ್ಕ್ ಬಿಟ್‌ಮನ್ ಎಂಬ ಲೇಖಕರು 2006ರ ನವೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅದನ್ನು ಬರೆದ ಮೇಲೆ ಲೋಕವೆಲ್ಲ ಹಬ್ಬಿತು.

ಇದರ ಹಿಂದಿನ ತತ್ತ್ವ ಸರಳವಾದುದು. ಗೋಧಿಯಲ್ಲಿ ಎರಡು ಬಗೆಯ ಸಸಾರಜನಕಗಳಿವೆ. ನೀರು ತಗುಲಿದಾಗ ಅವೆರಡೂ ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಅಂಟಿನ ಬಲೆಯಾಗುತ್ತವೆ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಹಿಟ್ಟಿನ ಸಕ್ಕರೆಯನ್ನು ತಿಂದು ಬಿಡುವ ಇಂಗಾಲದ ಡೈಆಕ್ಸೈಡ್ ಈ ಬಲೆಯಲ್ಲಿ ಸಿಕ್ಕಿಕೊಂಡು ಕಣಕವನ್ನು ಉಬ್ಬಿಸುತ್ತದೆ. ನಾದುವುದೆಂದರೆ ಈ ಹೆಣಿಗೆಯನ್ನು ಅವಸರಪಡಿಸುವುದು, ಅಷ್ಟೆ. ನೀರು ಹೇರಳವಾಗಿದ್ದು ಕಾಲ ದೀರ್ಘವಾಗಿದ್ದರೆ ಬಲೆ ತಾನಾಗಿಯೇ ಹೆಣೆದುಕೊಳ್ಳುತ್ತದೆ. ಏಳುವ ಗುಳ್ಳೆಗಳೇ ಒಳಗಿನಿಂದ ಕಣಕವನ್ನು ಮೆಲ್ಲಗೆ ಎಳೆದೆಳೆದು ನಾದಿದ ಕೆಲಸವನ್ನು ಮಾಡುತ್ತವೆ. ರಾಗಿಯಲ್ಲಿ ಈ ಅಂಟು ಇಲ್ಲ. ರಾಗಿಯೊಂದರಿಂದಲೇ ಇಂಥ ಬ್ರೆಡ್ಡು ಏಳದಿರುವುದು ಆ ಕಾರಣದಿಂದ.

ಅಳತೆ ಹೀಗೆ: ಮೈದಾ 400 ಗ್ರಾಂ, ನೀರು 300 ಗ್ರಾಂ, ಉಪ್ಪು 8 ಗ್ರಾಂ, ಒಣ ಯೀಸ್ಟ್ ಕಾಲು ಚಮಚ, ಅಂದರೆ ಸುಮಾರು ಒಂದೇ ಗ್ರಾಂ. ಎಲ್ಲವನ್ನೂ ಅಗಲವಾದ ಬೋಗುಣಿಯಲ್ಲಿ ಮರದ ಸೌಟಿನಿಂದ ಒಂದು ನಿಮಿಷ ಕಲಸಿದರೆ ಸಾಕು. ಅದು ಚಪಾತಿಯ ಕಣಕದಂತಿರದೆ, ಕೈಗೆ ಮೆತ್ತುವ ಒರಟು ಮುದ್ದೆಯಂತಿರುತ್ತದೆ. ಹೆದರಿ ಇನ್ನಷ್ಟು ಹಿಟ್ಟು ಸುರಿಯಬಾರದು. ತಟ್ಟೆ ಮುಚ್ಚಿ ಬಿಡುವುದು. ಗಾತ್ರ ಇಮ್ಮಡಿಯಾಗಿ ಮೇಲ್ಮೈಯಲ್ಲಿ ಗುಳ್ಳೆಗಳು ಕಾಣಿಸಿಕೊಂಡ ಮೇಲೆ ಹಿಟ್ಟು ಉದುರಿಸಿದ ಮಣೆಗೆ ಬಗ್ಗಿಸಿಕೊಂಡು, ನಾಲ್ಕು ಅಂಚುಗಳನ್ನು ಒಳಕ್ಕೆ ಮಡಚಿ, ಮಡಿಕೆಯ ಭಾಗ ಕೆಳಗೆ ಬರುವಂತೆ ಬಟ್ಟೆಯ ಮೇಲಿಟ್ಟು ಮತ್ತೊಂದೆರಡು ಗಂಟೆ ಕಾಯಬೇಕು.

ಎಷ್ಟು ಹೊತ್ತು ಹುದುಗಬೇಕೆಂಬಲ್ಲಿ ನಾನು ಎಡವಿದೆ. ಮೂಲದಲ್ಲಿ ಹನ್ನೆರಡರಿಂದ ಹದಿನೆಂಟು ಗಂಟೆ ಎಂದಿದೆ. ಒಂದು ಏಪ್ರಿಲ್ ತಿಂಗಳಿನ ಬೆಳಗ್ಗೆ ಗುಂಡ್ಲುಪೇಟೆಯಲ್ಲಿ ಹಿಟ್ಟು ಕಲಸಿಟ್ಟು, ತೆರಕಣಾಂಬಿಯ ಮಾರ್ಗವಾಗಿ ಬಸ್ಸು ಹಿಡಿದು ಚಾಮರಾಜನಗರದ ಕೆಲಸಕ್ಕೆ ಹೋದೆ. ರಾತ್ರಿ ಮರಳಿ ಮುಚ್ಚಳ ತೆಗೆದರೆ ಕಣಕ ಉಬ್ಬಿ, ಕುಸಿದು, ಹೆಂಡದ ವಾಸನೆ ಹೊಡೆಯುತ್ತಿತ್ತು. “ದೋಸೆಹಿಟ್ಟನ್ನು ಯಾರಾದರೂ ಬೇಸಗೆಯಲ್ಲಿ ಹಗಲೆಲ್ಲ ಹೊರಗಿಡುತ್ತಾರೆಯೇ?” ಎಂದು ತಾಯಿ ಕೇಳಿದರು. ನಾನು ಓದಿದ್ದ ಲೇಖನಗಳಿಗಿಂತ ಆ ಪ್ರಶ್ನೆ ಹೆಚ್ಚು ಕಲಿಸಿತು. ಮೂಲದ ಲೆಕ್ಕ ಸುಮಾರು 21 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಅಡಿಗೆಮನೆಗೆ ಹೇಳಿದ್ದು. ಶಾಖ ಹತ್ತು ಡಿಗ್ರಿ ಏರಿದರೆ ಹುದುಗಿನ ವೇಗ ಹೆಚ್ಚುಕಡಿಮೆ ಇಮ್ಮಡಿಸುತ್ತದೆ. ಈಗ ನಾವು ಬೇಸಗೆಯಲ್ಲಿ ಯೀಸ್ಟನ್ನು ಅರ್ಧಕ್ಕಿಳಿಸಿ, ಮಡಕೆಯ ತಣ್ಣೀರಿನಿಂದ ಕಲಸಿ, ಬೋಗುಣಿಗೆ ಒದ್ದೆಬಟ್ಟೆ ಸುತ್ತಿ, ರಾತ್ರಿ ಒಂಬತ್ತಕ್ಕೆ ಇಟ್ಟು ಬೆಳಗ್ಗೆ ಐದಕ್ಕೆ ನೋಡುತ್ತೇವೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಚಳಿ ಬೀಸುವ ಡಿಸೆಂಬರಿನಲ್ಲಿ ಮಾತ್ರ ಪುಸ್ತಕದ ಹನ್ನೆರಡು ಗಂಟೆ ನಮ್ಮ ಮನೆಗೂ ಹೊಂದುತ್ತದೆ.

ಇನ್ನು ಬೇಯಿಸುವುದು. ಓವನ್ ಇದ್ದವರು ದಪ್ಪ ಕಬ್ಬಿಣದ ಪಾತ್ರೆಯನ್ನು ಮುಚ್ಚಳಸಹಿತ 230 ಡಿಗ್ರಿಯಲ್ಲಿ ಅರ್ಧ ಗಂಟೆ ಬರಿದಾಗಿ ಕಾಯಿಸಿ, ಅದರೊಳಕ್ಕೆ ಕಣಕವನ್ನು ಮಗುಚಿ ಹಾಕಿ, ಮುಚ್ಚಿ ಅರ್ಧ ಗಂಟೆ, ತೆರೆದು ಕಾಲು ಗಂಟೆ ಬೇಯಿಸುವುದು. ಮುಚ್ಚಳದ ಉಪಕಾರ ದೊಡ್ಡದು. ಕಣಕದಿಂದ ಹೊರಟ ಹಬೆ ಒಳಗೇ ನಿಂತು ಹೊರಮೈ ಬೇಗ ಗಟ್ಟಿಯಾಗದಂತೆ ತಡೆಯುತ್ತದೆ. ಆದ್ದರಿಂದ ಬ್ರೆಡ್ಡು ಪೂರ್ತಿ ಉಬ್ಬುತ್ತದೆ, ಆಮೇಲೆ ಗರಿಗರಿಯಾಗುತ್ತದೆ. ಬೇಕರಿಗಳು ಹಬೆಯ ಯಂತ್ರವಿಟ್ಟು ಪಡೆಯುವುದನ್ನು ಇಲ್ಲಿ ಒಂದು ಮುಚ್ಚಳ ಕೊಡುತ್ತದೆ.

ನಮ್ಮ ಮನೆಯಲ್ಲಿ ಓವನ್ ಇಲ್ಲ. ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ಎರಡು ಬೆರಳು ಮರಳು ಹರಡಿ, ಚೆನ್ನಾಗಿ ಕಾಯಿಸಿ, ಕಣಕದ ಪಾತ್ರೆಯನ್ನು ಅದರ ಮೇಲಿಟ್ಟು, ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಕೆಂಡ ಹರಡುತ್ತೇವೆ. ಹೊರಮೈಗೆ ಅಷ್ಟು ಬಣ್ಣ ಬರುವುದಿಲ್ಲ. ಕೊನೆಗೆ ಕಾವಲಿಯ ಮೇಲೆ ಮಗುಚಿ ಹಾಕಿ ಕೆಂಪಾಗಿಸಬೇಕು. ಸುಮಾರು ಒಂದು ಗಂಟೆ ಹಿಡಿಯುತ್ತದೆ. ಪ್ರೆಷರ್ ಕುಕ್ಕರನ್ನು ನೀರಿಲ್ಲದೆ ಕಾಯಿಸಿ ಬ್ರೆಡ್ಡು ಮಾಡುವವರಿದ್ದಾರೆ. ನನಗೆ ಆ ಸಾಹಸ ಒಪ್ಪಿಗೆಯಿಲ್ಲ. ತಳಕ್ಕೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆಯೆಂದು ತಿಳಿಯಬೇಕು. ಬಿಸಿಯಿರುವಾಗಲೇ ಕತ್ತರಿಸಿದರೆ ಒಳಗೆ ಅಂಟಂಟಾಗಿರುತ್ತದೆ. ತಾಳ್ಮೆಯಿಲ್ಲದ ಮಕ್ಕಳಿರುವ ಮನೆಯಲ್ಲಿ ಅದನ್ನು ಬಚ್ಚಿಡುವುದು ಒಳ್ಳೆಯದು.

ಮೈದಾವೊಂದನ್ನೇ ತಿನ್ನಲು ಮನಸ್ಸಿಲ್ಲದವರು ಅರ್ಧ ಪಾಲು ಗಿರಣಿಯ ಗೋಧಿಹಿಟ್ಟನ್ನು ಬಳಸಬಹುದು. ತೌಡು ನೀರನ್ನು ಹೆಚ್ಚು ಹೀರುವುದರಿಂದ ನಾಲ್ಕಾರು ಚಮಚ ನೀರು ಹೆಚ್ಚಿಸಬೇಕು. ಬ್ರೆಡ್ಡು ಸ್ವಲ್ಪ ಕುಳ್ಳಾಗುತ್ತದೆ. ರಾಗಿಯನ್ನು ಐದರಲ್ಲಿ ಒಂದು ಪಾಲು ಬೆರೆಸಿದರೆ ಗೋಧಿಯ ಅಂಟು ಅದನ್ನೂ ಹೊತ್ತುಕೊಳ್ಳುತ್ತದೆ. ಇದು ನನ್ನ ತಾಯಿಯವರ ತಿದ್ದುಪಡಿ. ಹುಚ್ಚೆಳ್ಳಿನ ಚಟ್ನಿಪುಡಿಯೊಂದಿಗೆ ಅದನ್ನು ತಿನ್ನುತ್ತ, “ಇದು ಜ್ವರದವರ ಬ್ರೆಡ್ಡಲ್ಲ” ಎಂದರು. ಸೌಟಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪಮಾಡಿಕೊಟ್ಟಿದ್ದೇನೆ. ರಾತ್ರಿ ಒಂಬತ್ತಕ್ಕೆ ಅವರು ಎರಡೂ ಅಂಗೈಗಳ ನಡುವೆ ಅದನ್ನು ಹಿಡಿದು ಒಂದು ನಿಮಿಷ ಕಲಸುತ್ತಾರೆ. ಬೋಗುಣಿಗೆ ಒದ್ದೆಬಟ್ಟೆ ಸುತ್ತುವುದಷ್ಟೇ ನನ್ನ ಪಾಲಿಗೆ ಉಳಿದಿರುವ ಕೆಲಸ.