ಉತ್ತರ ಸಿಕ್ಕಿತು, ಹೇಳಿದವರು ಯಾರು?

ಆರ್.ಕೆ. ನಾರಾಯಣ್ ಅವರ ಕಥೆಗಳ ಊರು ಮಾಲ್ಗುಡಿ ಎಲ್ಲಿದೆ ಎಂದು ಮೊಬೈಲಿನಲ್ಲಿ ಕೇಳಿದರೆ ಒಂದಲ್ಲ, ಮೂರು ಉತ್ತರ ಬರುತ್ತವೆ. ಆಗುಂಬೆ ಎನ್ನುತ್ತದೆ ಒಂದು. ಶಂಕರ್ ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ತೆಗೆದದ್ದು ಅಲ್ಲಿ. ಶಿವಮೊಗ್ಗ ಜಿಲ್ಲೆಯ ಅರಸಾಳು ಎನ್ನುತ್ತದೆ ಇನ್ನೊಂದು. ಧಾರಾವಾಹಿಯಲ್ಲಿ ಕಾಣುವ ರೈಲು ನಿಲ್ದಾಣ ಅದೇ, ಅಲ್ಲಿನ ಹಳೆಯ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಮೂರನೆಯದು ಎಲ್ಲಕ್ಕಿಂತ ಜನಪ್ರಿಯ: ಬೆಂಗಳೂರಿನ ಮಲ್ಲೇಶ್ವರದಿಂದ ಅರ್ಧ, ಬಸವನಗುಡಿಯಿಂದ ಅರ್ಧ ತೆಗೆದುಕೊಂಡು ನಾರಾಯಣ್ ಈ ಹೆಸರು ಕಟ್ಟಿದರು ಎಂಬುದು. ಕೇಳಿದ ತಕ್ಷಣ ನಂಬಬೇಕು ಅನ್ನಿಸುವಷ್ಟು ಚೊಕ್ಕವಾದ ವಿವರಣೆ. ಆದರೆ ನಾರಾಯಣ್ ತಮ್ಮ ಆತ್ಮಕಥೆ ‘ಮೈ ಡೇಸ್’ನಲ್ಲಿ ಹೇಳಿಕೊಂಡಿರುವುದು ಬೇರೆ. ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನ ಬರೆಯಲು ಕುಳಿತಾಗ ಸಣ್ಣದೊಂದು ರೈಲು ನಿಲ್ದಾಣದ ಸಮೇತ ಮಾಲ್ಗುಡಿ ತಾನಾಗಿಯೇ ಕಣ್ಣೆದುರು ಬಂತು ಎನ್ನುತ್ತಾರೆ ಅವರು. ಎರಡು ಬಡಾವಣೆಗಳ ಹೆಸರನ್ನು ಕೂಡಿಸಿದ ಮಾತು ಅಲ್ಲಿಲ್ಲ. ಲೇಖಕರೇ ಬರೆದಿಟ್ಟದ್ದು ಒಂದು ಕಡೆ, ಯಾರು ಮೊದಲು ಹೇಳಿದರೆಂದು ಗೊತ್ತಾಗದ ಊಹೆ ಇನ್ನೊಂದು ಕಡೆ. ಮೊಬೈಲಿನ ಪರದೆಯ ಮೇಲೆ ಎರಡೂ ಒಂದೇ ಅಳತೆಯ ಅಕ್ಷರಗಳಲ್ಲಿ, ಒಂದೇ ಖಚಿತ ಧಾಟಿಯಲ್ಲಿ ಕಾಣಿಸಿಕೊಳ್ಳುತ್ತವೆ.

ಇಂಥ ಸಣ್ಣ ಕುತೂಹಲಗಳು ದಿನವೂ ಹುಟ್ಟುತ್ತಿರುತ್ತವೆ. ಈ ರಸ್ತೆಗೆ ಈ ಹೆಸರು ಏಕೆ, ಆ ಸಿನಿಮಾ ಎಲ್ಲಿ ತೆಗೆದರು, ಈ ವೇಷ ಯಾವ ಕಾಲದಿಂದ ನಡೆದುಬಂದಿದೆ ಎಂದು ಕೇಳುವುದು ಮನುಷ್ಯ ತನ್ನ ಊರಿನ ಜೊತೆ ಇಟ್ಟುಕೊಂಡ ಸಂಬಂಧದ ಲಕ್ಷಣ. ಆ ಕುತೂಹಲದ ಬಗ್ಗೆ ನನ್ನ ತಕರಾರಿಲ್ಲ, ಅದು ಇನ್ನೂ ಹೆಚ್ಚಲಿ. ನಾನು ಹೇಳಬೇಕೆಂದಿರುವುದು ಉತ್ತರದ ಬಗ್ಗೆ. ಉತ್ತರ ಕೈಗೆ ಸಿಗುವುದು ಹಿಂದೆಂದಿಗಿಂತ ಸುಲಭವಾಗಿರುವ ಈ ಹೊತ್ತಿನಲ್ಲಿ ಅದು ಯಾರಿಂದ ಬಂತು ಎಂಬುದು ಕಳೆದುಹೋಗುತ್ತಿದೆ. ಮೂಲ ಕಳೆದುಕೊಂಡ ಉತ್ತರದಿಂದ ಹೆಚ್ಚು ನಷ್ಟ ಆಗುವುದು ಬೆಂಗಳೂರಿಗಲ್ಲ, ಶಿರಸಿ, ಸಿದ್ದಾಪುರ, ಯಲ್ಲಾಪುರದಂಥ ಊರುಗಳಿಗೆ.

ಕನ್ನಡದಲ್ಲಿ ಕುತೂಹಲಕ್ಕೆ ಉತ್ತರ ಕೊಡುವ ಕೆಲಸಕ್ಕೆ ದೊಡ್ಡ ಪರಂಪರೆ ಇದೆ. 1930ರ ದಶಕದಲ್ಲೇ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಬರೆದರು. ನಿರಂಜನರು ‘ಜ್ಞಾನಗಂಗೋತ್ರಿ’ಯ 7 ಸಂಪುಟಗಳನ್ನು ಸಂಪಾದಿಸಿದರು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಬಂತು, 14 ಸಂಪುಟ ಮುಗಿಯಲು ಮೂರು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ವಾರಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳು ಇದಕ್ಕಿಂತ ಹಗುರ. ‘ಸುಧಾ’ದಲ್ಲಿ ಬೀಚಿ ಕೊಡುತ್ತಿದ್ದ ಉತ್ತರಗಳನ್ನು ಯಾರೂ ಮಾಹಿತಿಗಾಗಿ ಓದುತ್ತಿರಲಿಲ್ಲ, ಮಾತಿನ ಚುರುಕಿಗಾಗಿ ಓದುತ್ತಿದ್ದರು. ಆದರೆ ಭಾರದ ಸಂಪುಟಕ್ಕೂ ಹಗುರ ಅಂಕಣಕ್ಕೂ ಒಂದು ಸಮಾನ ಗುಣವಿತ್ತು: ಉತ್ತರದ ಕೆಳಗೆ ಒಂದು ಹೆಸರು ಇರುತ್ತಿತ್ತು. ತಪ್ಪಿದ್ದರೆ ಆ ಹೆಸರಿಗೆ ಕಾಗದ ಬರೆಯಬಹುದಿತ್ತು. ಮುಂದಿನ ವಾರ ತಿದ್ದುಪಡಿ ಅಚ್ಚಾಗಬಹುದಿತ್ತು. ಹೇಳಿದವರಿಗೆ ಹೇಳಿದ ಮಾತಿನ ಹೊಣೆಯಿತ್ತು.

ಈಗಿನ ಹುಡುಕಾಟ ನಡೆಯುವ ರೀತಿಯೇ ಬೇರೆ. ಹುಡುಕುವ ಯಂತ್ರಕ್ಕೆ ಯಾವುದು ನಿಜ ಎಂಬುದು ಗೊತ್ತಿಲ್ಲ. ಯಾವ ಪುಟಕ್ಕೆ ಹೆಚ್ಚು ಕೊಂಡಿಗಳಿವೆ, ಯಾವುದನ್ನು ಹೆಚ್ಚು ಜನ ತೆರೆಯುತ್ತಾರೆ, ಕೇಳಿದ ಪದಗಳು ಎಲ್ಲಿ ಹೆಚ್ಚು ಹೊಂದುತ್ತವೆ ಎಂಬಂಥ ಗುರುತುಗಳಿಂದ ಅದು ಸಾಲು ಜೋಡಿಸುತ್ತದೆ. ಮಾತನಾಡುವ ಹೊಸ ಎಐ ಯಂತ್ರಗಳು ಅಪಾರ ಬರಹವನ್ನು ಅರೆದು ಕುಡಿದು, ಒಂದು ಪದದ ಮುಂದೆ ಯಾವ ಪದ ಬರುವುದು ಸಂಭವ ಎಂಬ ಲೆಕ್ಕದಲ್ಲಿ ವಾಕ್ಯ ಕಟ್ಟುತ್ತವೆ. ಎರಡರಲ್ಲೂ ಪದೇ ಪದೇ ಬರೆದ ಮಾತಿಗೇ ಬಲ ಹೆಚ್ಚು. ಒಬ್ಬರು ಬರೆದ ಊಹೆಯನ್ನು ಪ್ರವಾಸಿ ತಾಣದ ಪುಟ ನಕಲು ಮಾಡುತ್ತದೆ, ಅದನ್ನು ನೋಡಿ ಪತ್ರಿಕೆಯ ಭಾನುವಾರದ ಪುಟ ಬರೆಯುತ್ತದೆ, ಪತ್ರಿಕೆಯಲ್ಲಿ ಬಂದಿದೆ ಎಂಬ ಆಧಾರದ ಮೇಲೆ ಅದು ವಿಕಿಪೀಡಿಯಕ್ಕೆ ಸೇರುತ್ತದೆ, ಅಲ್ಲಿಂದ ರೀಲ್ಸಿಗೆ ಬರುತ್ತದೆ. ಹತ್ತು ಕಡೆ ಕಂಡಿತಲ್ಲ, ನಿಜವೇ ಇರಬೇಕು ಎಂದುಕೊಳ್ಳುತ್ತೇವೆ. ಹತ್ತೂ ಒಂದೇ ಬಾಯಿಯ ಮಾತು ಎಂದು ತಿಳಿಯುವ ದಾರಿ ಓದುಗರ ಕಣ್ಣಿಗೆ ಕಾಣುವುದಿಲ್ಲ.

ಆ ದಾರಿ ಇದೆಯೇ ಎಂದರೆ ಇದೆ, ಅದಕ್ಕೆ ಪಂಡಿತರೇ ಆಗಬೇಕಿಲ್ಲ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟ ಕಥೆಯಿಂದಲೇ ಬೆಂಗಳೂರಿಗೆ ಆ ಹೆಸರು ಬಂತು ಎನ್ನುವ ಮಾತನ್ನೇ ತೆಗೆದುಕೊಳ್ಳಿ. ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು 890ರ ಗಂಗರ ಕಾಲದ ವೀರಗಲ್ಲಿನ ಶಾಸನ ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ. ರಾಜ ಹುಟ್ಟುವ ಸುಮಾರು ಎರಡೂವರೆ ಶತಮಾನ ಮೊದಲೇ ಊರಿನ ಹೆಸರು ಕಲ್ಲಿನ ಮೇಲಿತ್ತು. ಎರಡು ಇಸವಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಸಾಕು. ಶಿರಸಿಯಿಂದ ರಾತ್ರಿ ಬಸ್ಸು ಹತ್ತಿದವರು ಬೆಳಿಗ್ಗೆ ಇಳಿಯುವ ಮೆಜೆಸ್ಟಿಕ್‌ನದೂ ಇಂಥದೇ ಪ್ರಶ್ನೆ. ಫಲಕದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ಎಂದಿದೆ, ಬಾಯಲ್ಲಿ ಮೆಜೆಸ್ಟಿಕ್. ಆ ಹೆಸರು ಕೊಟ್ಟ ಮೆಜೆಸ್ಟಿಕ್ ಚಿತ್ರಮಂದಿರ ಈಗಿಲ್ಲ, ನಿಲ್ದಾಣ ನಿಂತಿರುವ ಜಾಗದ ಧರ್ಮಾಂಬುಧಿ ಕೆರೆಯೂ ಇಲ್ಲ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬರುವವರೆಗೆ ನಗರಕ್ಕೆ ನೀರು ಕೊಡುತ್ತಿದ್ದ ಕೆರೆಗಳಲ್ಲಿ ಅದೂ ಒಂದು. ಇವೆಲ್ಲ ಹಳೆಯ ನಕ್ಷೆ, ನಗರಸಭೆಯ ದಾಖಲೆ, ಹಿಂದಿನ ಪತ್ರಿಕೆಗಳಲ್ಲಿ ಸಿಗುತ್ತವೆ. ಬೆಂಗಳೂರಿನ ಬಗ್ಗೆ ತಪ್ಪು ಹೇಳಿದರೆ ತಿದ್ದಲು ಸಾಮಗ್ರಿ ಇದೆ, ತಿದ್ದುವ ಜನರೂ ಇದ್ದಾರೆ.

ಶಿರಸಿಗೆ ಬಂದರೆ ವಿಷಯ ಸೂಕ್ಷ್ಮವಾಗುತ್ತದೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2022ರಲ್ಲಿ ನಡೆಯಿತು, 2024ರಲ್ಲಿ ನಡೆಯಿತು. ಜಾತ್ರೆಯಿಲ್ಲದ ವರ್ಷ ಹೋಳಿಯ ಹಿಂದಿನ ರಾತ್ರಿಗಳಲ್ಲಿ ಬೇಡರ ವೇಷ ಬೀದಿಗೆ ಬರುತ್ತದೆ. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ, ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಹಿಡಿದವರು, ಹಲಗೆಯ ಪೆಟ್ಟಿಗೆ ಕುಣಿತ. ಇದು ಹೇಗೆ ಶುರುವಾಯಿತು ಎಂದು ಕೇಳಿದವರಿಗೆ ಸಿಗುವ ಉತ್ತರ ಇದು: ಸೋದೆಯ ಅರಸರು ಶಿರಸಿಯ ಕಾವಲಿಗೆ ನೇಮಿಸಿದ ಮಲ್ಲೇಶಿ ಎಂಬ ಬೇಡನೊಬ್ಬ ಊರಿನ ಹೆಣ್ಣುಮಕ್ಕಳಿಗೆ ಕಂಟಕನಾದ, ರುದ್ರಾಂಬಿಕೆ ಎಂಬಾಕೆ ಅವನನ್ನು ಕೊನೆಗಾಣಿಸಲೆಂದೇ ಮದುವೆಯಾಗಿ, ಅವನ ಕಣ್ಣು ಕಳೆದು, ಊರವರ ಕೈಗೆ ಸಿಗುವಂತೆ ಮಾಡಿದಳು, ಅವನನ್ನು ಸುಟ್ಟರು, ಅವಳೂ ಸಹಗಮನ ಮಾಡಿದಳು. ಅಂತರ್ಜಾಲದಲ್ಲಿ ಇದು ಮುನ್ನೂರು ವರ್ಷ ಹಿಂದೆ ನಡೆದ ಘಟನೆಯೆಂದೇ ಕಾಣಿಸಿಕೊಳ್ಳುತ್ತದೆ. ಇದರಲ್ಲಿ ಪರೀಕ್ಷಿಸಬಹುದಾದದ್ದು ಏನು, ಪರೀಕ್ಷೆಗೆ ಸಿಗದದ್ದು ಏನು ಎಂದು ಬೇರ್ಪಡಿಸಿದರೆ ಉತ್ತರಕ್ಕೆ ಹೊಸ ಜೀವ ಬರುತ್ತದೆ. ಸೋದೆಯ ಅರಸುಮನೆತನ ಇತಿಹಾಸದಲ್ಲಿ ಗಟ್ಟಿಯಾಗಿದೆ. ಹೈದರಾಲಿ 1763ರ ಸುಮಾರಿಗೆ ಸೋದೆಯನ್ನು ಗೆದ್ದ, ಅರಸ ಗೋವೆಯ ಪೋರ್ಚುಗೀಸರ ಆಶ್ರಯಕ್ಕೆ ಹೋದ. ಕಥೆಯಲ್ಲಿ ಸೋದೆಯ ಅರಸ ಬರುವುದರಿಂದ, ಘಟನೆ ನಡೆದಿದ್ದರೆ ಅದಕ್ಕಿಂತ ಮೊದಲೇ ನಡೆದಿರಬೇಕು. ಇಷ್ಟು ಇತಿಹಾಸದ ಮಾತು. ಬೇಡ, ರುದ್ರಾಂಬಿಕೆ, ಕಣ್ಣು, ಬೆಂಕಿ ಇವೆಲ್ಲ ಊರು ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು. ಹೆಣ್ಣಿಗೆ ಆದ ಅನ್ಯಾಯವನ್ನೂ ಅದಕ್ಕೆ ಆಕೆ ತೆತ್ತ ಬೆಲೆಯನ್ನೂ ಒಂದು ಊರು ವರ್ಷ ಬಿಟ್ಟು ವರ್ಷ ಬೀದಿಯಲ್ಲಿ ನೆನೆಯುತ್ತದೆ ಎಂಬುದು ಯಾವ ಶಾಸನಕ್ಕೂ ಕಡಿಮೆಯಲ್ಲದ ಸಂಗತಿ. ಆದರೆ ‘ಹೀಗೆ ನಡೆಯಿತು’ ಎನ್ನುವುದಕ್ಕೂ ‘ಹೀಗೆ ನಡೆಯಿತೆಂದು ಹೇಳುತ್ತಾರೆ’ ಎನ್ನುವುದಕ್ಕೂ ನಡುವೆ ಇರುವ ಗೆರೆಯನ್ನು ಅಳಿಸಬಾರದು.

ಅದೇ ಊರಿನ ಇನ್ನೊಂದು ಪ್ರಶ್ನೆ ನೋಡಿ. ಪ್ರಾಣಿಬಲಿ ಇದೆ ಎಂಬ ಕಾರಣಕ್ಕೆ ಗಾಂಧೀಜಿ ಮಾರಿಕಾಂಬಾ ದೇವಾಲಯದೊಳಗೆ ಹೋಗಲಿಲ್ಲ ಎಂಬ ಮಾತು ಶಿರಸಿಯಲ್ಲಿ ಪ್ರಸಿದ್ಧ. ಇದೂ ಬಾಯಿಂದ ಬಾಯಿಗೆ ಬಂದದ್ದೇ. ಆದರೆ ಇದರ ಸ್ಥಿತಿ ಬೇರೆ. 1934ರ ಹರಿಜನ ಯಾತ್ರೆಯಲ್ಲಿ ಅವರು ಈ ಭಾಗಕ್ಕೆ ಬಂದಿದ್ದರು. ಅವರ ಭಾಷಣ, ಪತ್ರ, ಬರಹಗಳು 100 ಸಂಪುಟಗಳಲ್ಲಿ ದಿನಾಂಕದ ಕ್ರಮದಲ್ಲಿ ಅಚ್ಚಾಗಿವೆ, ಉಚಿತವಾಗಿ ಓದಲೂ ಸಿಗುತ್ತವೆ. ಬೇಡರ ವೇಷದ ಕಥೆಗೆ ಆಧಾರ ಕೇಳುವುದು ಅದರ ಸ್ವಭಾವವನ್ನೇ ತಪ್ಪು ತಿಳಿದಂತೆ, ಗಾಂಧೀಜಿಯ ಮಾತಿಗೆ ಆಧಾರ ಕೇಳದಿರುವುದು ನಮ್ಮ ಸೋಮಾರಿತನ. ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿ ಜಲಪಾತದ್ದು ಮೂರನೆಯ ಬಗೆ. ಅಘನಾಶಿನಿ 116 ಮೀಟರ್ ಧುಮುಕುವ ಈ ಜಾಗವನ್ನು 1845ರಲ್ಲಿ ಕಲೆಕ್ಟರ್ ಲಷಿಂಗ್ಟನ್ ‘ಕಂಡುಹಿಡಿದರು’ ಎಂದು ಪ್ರವಾಸಿ ಪುಟಗಳು ಒಂದರ ಹಿಂದೆ ಒಂದು ಬರೆಯುತ್ತವೆ. ಭೋರ್ಗರೆತಕ್ಕೆ ಕಿವಿ ಕೆಪ್ಪಾಗುತ್ತದೆಂದು ಕೆಪ್ಪ ಜೋಗ ಎಂದು ಕರೆದ ಜನರ ನಡುವೆ, ಅದನ್ನು ಅಧಿಕಾರಿಯೊಬ್ಬರು ಬಂದು ಕಂಡುಹಿಡಿಯಬೇಕಾಗಿತ್ತೇ? ಅಧಿಕಾರಿ ನೋಡಿ ಬರೆದಿರಬಹುದು, ಅವರ ಹೆಸರು ನಕ್ಷೆಗೆ ಬಂದಿರಬಹುದು. ಬರೆದವರ ಮಾತು ಉಳಿಯಿತು, ಬರೆಯದವರ ಅರಿವು ಲೆಕ್ಕಕ್ಕೆ ಬರಲಿಲ್ಲ. ಶಿರಸಿಯ ಮಾರುಕಟ್ಟೆಯಲ್ಲಿ ರಾಶಿ, ಚಾಲಿ, ಬೆಟ್ಟೆ ಎಂದು ಅಡಿಕೆಯನ್ನು ಬೇರೆಬೇರೆ ಇಟ್ಟು ಧಾರಣೆ ಕಟ್ಟುವ ಹಾಗೆ ಉತ್ತರಗಳನ್ನೂ ವಿಂಗಡಿಸಿಯೇ ತೂಗಬೇಕು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಮಾಲ್ಗುಡಿಯ ಹೆಸರು ಹೇಗೆ ಬಂತೆಂದು ತಪ್ಪು ತಿಳಿದರೆ ಯಾರ ಗಂಟು ಹೋಗುತ್ತದೆ? ಯಾರದೂ ಹೋಗುವುದಿಲ್ಲ, ಒಪ್ಪುತ್ತೇನೆ. ಆದರೆ ನಂಬುವ ಅಭ್ಯಾಸ ಬೆಳೆಯುವುದು ಸಣ್ಣ ವಿಷಯಗಳಲ್ಲೇ. ಸಿನಿಮಾದ ಬಗ್ಗೆ ಬಂದ ಫಾರ್ವರ್ಡನ್ನು ಕೇಳದೆ ನಂಬುವ ಮನಸ್ಸು ಔಷಧಿಯ ಬಗ್ಗೆ, ನೆರೆಯ ಜಾತಿಯವರ ಬಗ್ಗೆ ಬಂದ ಫಾರ್ವರ್ಡನ್ನೂ ಅದೇ ದಾರಿಯಲ್ಲಿ ನಂಬುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಹಳೆಯ ಪುಸ್ತಕಗಳೂ ತಪ್ಪು ಹೇಳಿವೆ, ಹೆಸರು ಹಾಕಿದ ಮಾತ್ರಕ್ಕೆ ಮಾತು ನಿಜವಾಗದು. ಹೌದು. 1883ರ ಬಾಂಬೆ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ನಮ್ಮ ಊರು, ಜಾತಿ, ಬೆಳೆಗಳ ಬಗ್ಗೆ ಅಮೂಲ್ಯ ವಿವರಗಳಿವೆ. ಜೊತೆಗೆ ಆಳುವವರ ಕಣ್ಣಿನ ಪೂರ್ವಗ್ರಹಗಳೂ ಇವೆ. ಆದರೆ ಯಾವ ಇಸವಿಯಲ್ಲಿ, ಯಾವ ಸರ್ಕಾರಕ್ಕಾಗಿ ಬರೆದದ್ದು ಎಂದು ಗೊತ್ತಿರುವುದರಿಂದ ಆ ಪೂರ್ವಗ್ರಹವನ್ನು ಗುರುತಿಸಬಹುದು. ಹೊಸ ಯಂತ್ರಗಳೂ ಮೂಲದ ಕೊಂಡಿ ಕೊಡುತ್ತವಲ್ಲ ಎಂದರೆ, ಆ ಕೊಂಡಿ ಒಯ್ಯುವುದು ಬಹಳ ಸಲ ಇನ್ನೊಂದು ನಕಲಿಗೆ. ಒತ್ತಿ ನೋಡುವವರೂ ಕಡಿಮೆ. ದುಡಿದು ದಣಿದವರಿಗೆ ಶಾಸನ ಸಂಪುಟ ತಿರುವಿಹಾಕಲು ಪುರುಸೊತ್ತು ಎಲ್ಲಿದೆ ಎಂಬ ಮಾತಂತೂ ನ್ಯಾಯವಾದದ್ದು. ಎಲ್ಲರೂ ಎಲ್ಲವನ್ನೂ ಪರೀಕ್ಷಿಸಲಾಗದು. ‘ಇದನ್ನು ಯಾರು ಹೇಳಿದ್ದು, ಅವರಿಗೆ ಹೇಗೆ ಗೊತ್ತು’ ಎಂದು ಕೇಳಲು ಮಾತ್ರ ಪುರುಸೊತ್ತು ಬೇಡ.

ಪರೀಕ್ಷಿಸುವ ಮನಸ್ಸಿದ್ದರೂ ಸಾಮಗ್ರಿಯೇ ಇಲ್ಲದಿದ್ದರೆ ಏನು ಮಾಡುವುದು? ನನಗೆ ನಿಜವಾಗಿ ಚಿಂತೆ ಹಚ್ಚಿರುವುದು ಇದು. ಶಿರಸಿ ತಾಲ್ಲೂಕಿನ ಇಸಳೂರಿನಂಥ ಊರಿನ ಹೆಸರು ಹಾಕಿ ಹುಡುಕಿದರೆ ಬರುವುದು ಬಹುಪಾಲು ಜನಗಣತಿಯ ಅಂಕಿ, ಪಿನ್ ಕೋಡ್, ಹವಾಮಾನ, ಹತ್ತಿರದ ಪೇಟೆಗೆ ಎಷ್ಟು ದೂರ ಎಂಬಂಥ ವಿವರ. ಯಂತ್ರವೇ ತುಂಬಿದ ಪುಟಗಳು ಅವು. ಊರಿನ ಜನ ಒಬ್ಬರನ್ನೊಬ್ಬರು ಕೇಳುವ ಯಾವ ಪ್ರಶ್ನೆಗೂ ಅಲ್ಲಿ ಉತ್ತರವಿಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ, ಇಂಗ್ಲಿಷಿನಲ್ಲಿ ಸುಮಾರು 70 ಲಕ್ಷ. ಖಾಲಿ ಜಾಗ ಖಾಲಿಯಾಗಿ ಉಳಿದರೆ ಅಷ್ಟು ಹಾನಿಯಿಲ್ಲ, ಗೊತ್ತಿಲ್ಲ ಎಂಬುದಾದರೂ ಗೊತ್ತಾಗುತ್ತದೆ. ಈಗಿನ ಯಂತ್ರಗಳು ಖಾಲಿ ಜಾಗವನ್ನು ಹಾಗೆಯೇ ಬಿಡುವುದು ಕಡಿಮೆ. ಪಕ್ಕದ ಊರಿನ ಜಾತ್ರೆ, ಬೇರೆ ಜಿಲ್ಲೆಯ ದೇವಿಯ ಕಥೆ, ಎಲ್ಲೋ ಓದಿದ ಅರಸನ ಹೆಸರು ಸೇರಿಸಿ ಒಪ್ಪವಾದ ಉತ್ತರ ಕಟ್ಟಿಕೊಡಬಲ್ಲವು. ಅದನ್ನು ಓದಿದ ಊರಿನ ಮುಂದಿನ ತಲೆಮಾರು ಅದನ್ನೇ ತನ್ನ ಕಥೆ ಎಂದುಕೊಂಡೀತು.

ಹಾಗಾಗಿ ಕೆಲಸ ಇರುವುದು ಮೊಬೈಲಿನ ಈಚೆ. ಪೇಟೆಯ ಮೊದಲ ಟಾಕೀಸಿನಲ್ಲಿ ಯಾವ ಚಿತ್ರ ಓಡಿತು, ಯಕ್ಷಗಾನದ ಮೇಳಗಳು ಟೆಂಟು ಹಾಕುತ್ತಿದ್ದ ಬಯಲು ಈಗ ಏನಾಗಿದೆ, ಜಾತ್ರೆಯಲ್ಲಿ ದೇವಿಯ ಗದ್ದುಗೆಯ ಸುತ್ತ ಅಂಗಡಿಗಳ ಸಾಲು ಹಿಂದೆ ಹೇಗಿತ್ತು, ಬೇಡರ ವೇಷಕ್ಕೆ ಯಾವ ಕೇರಿಯವರು ಯಾವ ವರ್ಷದಿಂದ ಬಣ್ಣ ಹಚ್ಚುತ್ತಿದ್ದಾರೆ ಎಂಬುದಕ್ಕೆ ಉತ್ತರ ಬಲ್ಲವರು ಇನ್ನೂ ಇದ್ದಾರೆ. ಅವರಲ್ಲಿ ಅನೇಕರಿಗೆ ಎಂಬತ್ತು ದಾಟಿದೆ. ಬೇಡರ ವೇಷದ ತಾಲೀಮು ಹೋಳಿಗಿಂತ ಎಷ್ಟೋ ದಿನ ಮೊದಲೇ ಶುರುವಾಗುತ್ತದೆ. ಆಗ ಕಾಲೇಜಿನ ವಿದ್ಯಾರ್ಥಿಗಳು ಹೋಗಿ ಕೂತು, ವೇಷ ಕಟ್ಟುವವರ, ಹಲಗೆ ಬಾರಿಸುವವರ ಮಾತನ್ನು ಅವರ ಒಪ್ಪಿಗೆ ಪಡೆದು ದಾಖಲಿಸಿಕೊಳ್ಳಬಹುದು. ಯಾರು ಹೇಳಿದ್ದು, ಅವರು ಯಾರಿಂದ ಕೇಳಿದ್ದು, ಕಣ್ಣಾರೆ ಕಂಡದ್ದು ಎಷ್ಟು, ಬರೆದುಕೊಂಡ ದಿನ ಯಾವುದು ಎಂಬ ನಾಲ್ಕು ವಿವರ ಪ್ರತಿ ಹಾಳೆಯ ಮೇಲೆ ಇರಬೇಕು. ಒಬ್ಬರು ಹೇಳಿದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಎರಡನ್ನೂ ಹಾಗೆಯೇ ಇಡಬೇಕು, ಹೊಂದಿಸಿ ಒಂದು ಮಾಡಬಾರದು. ದಾಖಲೆಯ ಒಂದು ಪ್ರತಿ ಆಯಾ ಊರಿನ ಗ್ರಂಥಾಲಯಕ್ಕೆ ಹೋಗಲಿ, ಇನ್ನೊಂದು ಯಾರು ಬೇಕಾದರೂ ಓದುವಂತೆ ಅಂತರ್ಜಾಲಕ್ಕೆ ಏರಲಿ. ಮುಂದೆ ಯಂತ್ರ ಉತ್ತರ ಹೇಳುವಾಗಲೂ ಅದಕ್ಕೆ ಆಧಾರವಾಗಿ ಸಿಗುವುದು ಅಂಥ ಹಾಳೆಗಳೇ.